ಆಟಿಯ ಮಳೆಗೆ ನಿಲ್ಲುವ ಶೆಡ್ಡು

ಈ ಸಲ ಆರಿಸಿಕೊಂಡ ನಾಲ್ಕು ಪತ್ರಗಳೂ ಹಿತ್ತಿಲಿನ ಶೆಡ್ಡಿನ ಕುರಿತೇ ಇವೆ. ಮೊದಲನೆಯದಕ್ಕೆ ಉದ್ದದ ಉತ್ತರ ಬೇಕು. ಎರಡನೆಯದನ್ನು ಕಳಿಸಿದವರು ಉತ್ತರ ಓದುವ ಮೊದಲೇ ಯಂತ್ರದ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಬ್ರಹ್ಮಾವರದ ಹತ್ತಿರ ಮನೆ. ಮನೆಗೆ ತಾಗದಂತೆ ಹಿತ್ತಿಲಲ್ಲಿ 16 ಅಡಿ ಅಗಲ, 28 ಅಡಿ ಉದ್ದದ ಶೆಡ್ ಕಟ್ಟಿಸಿ, ಮುಂದಿನ ಭಾಗದಲ್ಲಿ ಕಾರು ನಿಲ್ಲಿಸಿ, ಹಿಂದಿನ ಭಾಗದಲ್ಲಿ ಮರಗೆಲಸ ಮಾಡಬೇಕೆಂಬುದು ಬಹುಕಾಲದ ಆಸೆ. ಕಬ್ಬಿಣದ ಪೈಪು ನಿಲ್ಲಿಸಿ, ಮೇಲೂ ಸುತ್ತಲೂ ತಗಡು ಹೊದಿಸಿ, ನೆಲಕ್ಕೆ ಮೂರು ಇಂಚು ಕಾಂಕ್ರೀಟ್ ಹಾಕಿದರೆ ಧಾರಾಳವಾಯಿತು ಎಂದು ಗುತ್ತಿಗೆದಾರರು ಹೇಳುತ್ತಾರೆ. ರಸ್ತೆ ಪಶ್ಚಿಮಕ್ಕಿರುವುದರಿಂದ ಶಟರ್ ಕೂಡ ಅತ್ತಲೇ ಬರುತ್ತದೆ. ಹೀಗೆ ಕಟ್ಟಿಸಬಹುದೇ?

ಉತ್ತರ: ಶಟರ್ ಪಶ್ಚಿಮಕ್ಕೆ ಬೇಡ. ಉಳಿದದ್ದನ್ನೆಲ್ಲ ಆಮೇಲೆ ನೋಡೋಣ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಅದೂ ನೇರ ಬೀಳುವುದಿಲ್ಲ, ಕಡಲಿನ ಕಡೆಯಿಂದ ಗಾಳಿಯೊಂದಿಗೆ ಅಡ್ಡಲಾಗಿ ಬಂದು ಬಡಿಯುತ್ತದೆ. ಹಿಂದೆ ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಈ ಅಡ್ಡ ಮಳೆಗೆ ಹೆದರಿಯೇ. ನನ್ನ ಮೊದಲ ಶೆಡ್ಡನ್ನು ನಾನೂ ಪಶ್ಚಿಮಕ್ಕೆ ಬಾಗಿಲಿಟ್ಟೇ ಕಟ್ಟಿದ್ದೆ. ಶಟರಿನ ಪಟ್ಟಿಗಳ ಸಂದಿನಿಂದ ನೀರಿನ ಧೂಳು ಒಳಗೆ ಹಾರಿ, ಬಾಗಿಲಿನಿಂದ ನಾಲ್ಕು ಅಡಿಯವರೆಗೆ ನೆಲ ಸದಾ ಒದ್ದೆಯಾಗಿರುತ್ತಿತ್ತು. ಆಟಿ ತಿಂಗಳು (ತುಳುವರ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮುಗಿಯುವಷ್ಟರಲ್ಲಿ ಕೀಸುಳಿಯ ಅಡಿಭಾಗದಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಕಂದು ಚುಕ್ಕೆಗಳು ಎದ್ದಿದ್ದವು. ಉಜ್ಜಿ ತೆಗೆದ ಮೇಲೂ ಅವುಗಳ ಗುಳಿ ಉಳಿಯಿತು. ಆ ಕೀಸುಳಿ ಈಗಲೂ ನನ್ನ ಬಳಿ ಇದೆ, ಮರದ ಮೇಲೆ ಆಡಿಸಿದಾಗಲೆಲ್ಲ ಆ ಗುಳಿಗಳು ಕೈಗೆ ತಿಳಿಯುತ್ತವೆ.

ನಿಮ್ಮ ಜಾಗದಲ್ಲಿ ಕಾರು ತಿರುಗಿಸಲು ಎಡೆಯಿದ್ದರೆ ಶಟರನ್ನು ಉತ್ತರಕ್ಕೋ ಪೂರ್ವಕ್ಕೋ ಇಡಿ. ಎಡೆಯಿಲ್ಲದಿದ್ದರೆ ಪಶ್ಚಿಮದ ಬಾಗಿಲಿನ ಮುಂದೆ ಕನಿಷ್ಠ ಆರು ಅಡಿ ಮುಂಚಾಚಿದ ಮಾಡು, ಅಂದರೆ ಛಾವಣಿ, ಇರಲೇಬೇಕು. ಉಳಿದ ಮೂರು ಬದಿಗೆ ಸೂರು ಎರಡೂವರೆಯಿಂದ ಮೂರು ಅಡಿ ಹೊರಗೆ ಬರಲಿ. ಖರ್ಚು ಉಳಿಸಲು ಗುತ್ತಿಗೆದಾರರು ಮೊದಲು ಕತ್ತರಿಸುವುದು ಸೂರನ್ನೇ. ಅಲ್ಲಿ ಮಾತ್ರ ಬಿಟ್ಟುಕೊಡಬೇಡಿ.

ಇನ್ನು ನೆಲ. ಕಾರಿನ ಭಾರಕ್ಕೆ ಮೂರು ಇಂಚು ಸಾಲದು. ಆದರೆ ಅದಕ್ಕಿಂತ ದೊಡ್ಡ ಲೋಪವೆಂದರೆ ಕೆಳಗಿನಿಂದ ಏರುವ ತೇವದ ಬಗ್ಗೆ ಅವರು ಒಂದು ಮಾತನ್ನೂ ಆಡಿಲ್ಲ. ಮಳೆಗಾಲದಲ್ಲಿ ನಮ್ಮ ಬಾವಿಗಳಲ್ಲಿ ನೀರು ಎಷ್ಟು ಮೇಲೆ ಬರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಅದೇ ನೀರು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಆವಿಯಾಗಿ ಮೇಲೇರುತ್ತದೆ. ಮೇಲಿನ ಕಪ್ಪು ಮಣ್ಣು, ಬೇರು ಎಲ್ಲ ತೆಗೆಸಿ, ಕೆಂಪು ಗಟ್ಟಿ ಮಣ್ಣನ್ನು ಆರಾರು ಇಂಚಿನ ಪದರವಾಗಿ ಹರಡಿ, ನೀರು ಚಿಮುಕಿಸಿ, ಯಂತ್ರದಿಂದಲೇ ದಮ್ಮಸು ಮಾಡಿಸಿ. ಗೆದ್ದಲಿನ ಔಷಧಿ ಸಿಂಪಡಿಸುವುದೂ ಈ ಹಂತದಲ್ಲೇ. ಅದರ ಮೇಲೆ ನಾಲ್ಕು ಇಂಚು ಜಲ್ಲಿ, ಜಲ್ಲಿಯ ಚೂಪು ಮುಚ್ಚುವಷ್ಟು ಮರಳು, ಬಳಿಕ 250 ಮೈಕ್ರಾನಿನ ದಪ್ಪ ಪ್ಲಾಸ್ಟಿಕ್ ಹಾಳೆ. ಹಾಳೆಗಳು ಒಂದರ ಮೇಲೊಂದು ಅರ್ಧ ಅಡಿ ಬಂದು, ಅಂಟುಪಟ್ಟಿಯಿಂದ ಕೂಡಿರಬೇಕು. ಇದಕ್ಕೆ ಆಗುವ ಖರ್ಚು ಇಡೀ ಕಟ್ಟಡದ ಲೆಕ್ಕದಲ್ಲಿ ಕಣ್ಣಿಗೂ ಬೀಳದಷ್ಟು. ಒಮ್ಮೆ ಬಿಟ್ಟರೆ ಮಾತ್ರ ಮತ್ತೆ ಹಾಕುವ ದಾರಿಯೇ ಇಲ್ಲ.

ಹಾಳೆಯ ಮೇಲೆ ಐದು ಇಂಚು ಎಂ-20 ದರ್ಜೆಯ ಕಾಂಕ್ರೀಟ್, ನಡುವೆ ಎಂಟು ಇಂಚಿಗೊಂದರಂತೆ 8 ಮಿಲಿಮೀಟರ್ ಸರಳಿನ ಜಾಲ. ಕಾಂಕ್ರೀಟ್ ಹಾಕುವ ದಿನ ನೀವು ಎದುರಿಗೇ ನಿಂತಿರಿ. 50 ಕಿಲೋದ ಒಂದು ಮೂಟೆ ಸಿಮೆಂಟಿಗೆ ಹೆಚ್ಚೆಂದರೆ 25 ಲೀಟರ್ ನೀರು, ಮರಳು ಒದ್ದೆಯಾಗಿದ್ದರೆ ಇನ್ನೂ ಕಡಿಮೆ. ಮಿಶ್ರಣ ಸಲೀಸಾಗಿ ಹರಿಯಲೆಂದು ಕೆಲಸದವರು ಇನ್ನೊಂದು ಬಕೆಟ್ ಸುರಿಯುತ್ತಾರೆ. ಬಿಸಿಲಲ್ಲಿ ದುಡಿಯುವವರಿಗೆ ಅದು ಸಹಜ. ಆದರೆ ಆ ಬಕೆಟ್ಟಿನ ನೀರು ಆರಿದ ಜಾಗದಲ್ಲಿ ಟೊಳ್ಳು ಉಳಿಯುತ್ತದೆ, ಆಮೇಲೆ ನೆಲ ಧೂಳು ಬಿಡುತ್ತಲೇ ಇರುತ್ತದೆ. ಉಪ್ಪುನೀರು ಬರುವ ಅಳಿವೆಯ ಮರಳನ್ನು ಕಬ್ಬಿಣವಿರುವ ಯಾವ ಕಾಂಕ್ರೀಟಿಗೂ ಸೇರಿಸಲು ಬಿಡಬೇಡಿ. ಹತ್ತು ಅಡಿಗೊಂದರಂತೆ ಗೀರು ಕೊಯ್ಯಿಸಿ. ಮಣ್ಣಿನ ಕಟ್ಟೆ ಕಟ್ಟಿ ಹತ್ತು ದಿನ ನೀರು ನಿಲ್ಲಿಸಿ.

ಒಂದು ವಿಷಯವನ್ನು ನಕ್ಷೆಯಲ್ಲೇ ಬರೆಸಿಕೊಳ್ಳಿ. ಮಳೆಯಲ್ಲಿ ನೆನೆದ ಕಾರು ಒಳಗೆ ಬಂದರೆ ಅದರಿಂದ ಲೀಟರುಗಟ್ಟಲೆ ನೀರು ಇಳಿಯುತ್ತದೆ. ಆದ್ದರಿಂದ ಮುಂದಿನ 16 ಅಡಿ ಬಾಗಿಲಿನ ಕಡೆಗೆ ನೂರಕ್ಕೆ ಒಂದರಂತೆ, ಅಂದರೆ ಸುಮಾರು ಎರಡು ಇಂಚು, ಇಳಿಜಾರಾಗಿರಲಿ. ಹಿಂದಿನ 12 ಅಡಿ ಮಟ್ಟವಾಗಿರಲಿ ಮತ್ತು ನಾಲ್ಕು ಇಂಚು ಎತ್ತರವಿರಲಿ. ಯಂತ್ರಗಳಿಗೆ ಮಟ್ಟ ನೆಲ ಬೇಕು, ಕಾರಿಗೆ ಇಳಿಜಾರು ಬೇಕು. ಎರಡನ್ನೂ ಒಂದೇ ನೆಲದಲ್ಲಿ ಕೂಡಿಸಲು ಹೋಗಿ ಎರಡನ್ನೂ ಕೆಡಿಸಿಕೊಂಡವರನ್ನು ನಾನು ಕಂಡಿದ್ದೇನೆ. ಕಾರಿನ ಭಾಗ ಅಂಗಳಕ್ಕಿಂತ ಒಂದು ಅಡಿ ಮೇಲಿದ್ದರೆ ಸಾಕು. ಎಂಟು ಅಡಿ ಉದ್ದದ ಇಳಿಜಾರಿನಲ್ಲಿ ಕಾರು ಸುಲಭವಾಗಿ ಹತ್ತುತ್ತದೆ.

ಗೋಡೆಗೆ ತಗಡು ಯಾಕೆ? ಕೆಂಪುಕಲ್ಲಿನ ಊರಿನಲ್ಲಿ ನೀವಿದ್ದೀರಿ. ನೆಲದೊಳಗಿನ ಅಡಿಪಾಯವನ್ನು ಶಿಲೆಕಲ್ಲಿನಲ್ಲಿ ಕಟ್ಟಿಸಿ, ಪಂಚಾಂಗದ (ನೆಲದಿಂದ ಮೇಲೆದ್ದ ಅಡಿಪಾಯದ) ಮೇಲೆ ಮೂರು ಇಂಚಿನ ಕಾಂಕ್ರೀಟ್ ಪಟ್ಟಿ ಸುತ್ತಲೂ ಹಾಕಿಸಿ, ಅದರ ಮೇಲೆ ಕೆಂಪುಕಲ್ಲು ಏರಿಸಿ. ಅಗೆದು ತಂದ ಕೂಡಲೇ ಕಲ್ಲು ಮೃದುವಾಗಿರುತ್ತದೆ, ಗಾಳಿಗೆ ತೆರೆದಿಟ್ಟಂತೆ ಗಟ್ಟಿಯಾಗುತ್ತದೆ. ಹಾಗಾಗಿ ಕೆಲವು ವಾರ ಮೊದಲೇ ತರಿಸಿ ಅಂಗಳದಲ್ಲಿ ಪೇರಿಸಿಡಿ. ಬಿಳಿ ಮಣ್ಣಿನ ಗೆರೆ ಹೆಚ್ಚಿರುವ ಕಲ್ಲನ್ನು ಬದಿಗಿರಿಸಿ. ಪಶ್ಚಿಮ ಮತ್ತು ದಕ್ಷಿಣದ ಗೋಡೆಗೆ ಹೊರಗಿನಿಂದ ಗಾರೆ ಬೇಕೇ ಬೇಕು, ಈ ಕಲ್ಲು ನೀರು ಹೀರುತ್ತದೆ. ಉಳಿದೆರಡನ್ನು ಸಂದು ತುಂಬಿಸಿ ಹಾಗೆಯೇ ಬಿಡಬಹುದು, ನೋಡಲೂ ಚೆಂದ. ಭಾರದ ಕಪಾಟುಗಳನ್ನು ನೇರ ಕಲ್ಲಿಗೆ ಸ್ಕ್ರೂ ಹೊಡೆದು ನಿಲ್ಲಿಸಬೇಡಿ, ಕಲ್ಲು ಪುಡಿಯಾಗಿ ಸ್ಕ್ರೂ ಕಳಚುತ್ತದೆ. ಲಿಂಟಲ್ ಪಟ್ಟಿಯನ್ನು ಸುತ್ತಲೂ ಕಾಂಕ್ರೀಟಿನಲ್ಲಿ ಹಾಕಿಸಿ, ಅದರಿಂದ ಮರದ ಪಟ್ಟಿಗಳನ್ನು ಇಳಿಬಿಟ್ಟು ಅವುಗಳಿಗೆ ಕಪಾಟು ಕೂರಿಸಿ.

ಮಾಡಿಗೆ ನನ್ನ ಆಯ್ಕೆ ಹಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಈ ಕರಾವಳಿಯ ಮಳೆಗೆ ಹಂಚು ಎಷ್ಟು ಒಗ್ಗಿದೆ ಎಂಬುದಕ್ಕೆ ಊರೂರಿನ ಹಳೆಯ ಮನೆಗಳೇ ಸಾಕ್ಷಿ. ತಗಡಿನ ಒಳಮೈಯಲ್ಲಿ ತೇವದ ಗಾಳಿ ತಣಿದು ಹನಿಯಾಗಿ, ಬೆಳಗಿನ ಜಾವ ಕೆಲಸದ ಮೇಜಿನ ಮೇಲೆ ಉದುರುತ್ತದೆ. ಹಂಚಿನ ಸಂದುಗಳಲ್ಲಿ ಗಾಳಿ ಆಡುವುದರಿಂದ ಆ ಕಾಟ ಬಹಳ ಕಡಿಮೆ. ನೂರು ಚದರ ಅಡಿಗೆ ಸುಮಾರು 150 ಹಂಚು ಬೇಕು, ಒಂದೊಂದು ಎರಡು ಕಿಲೋ ಮೀರಿ ತೂಗುತ್ತದೆ. ಹಂಚನ್ನು ಹೊರುವ ಮರದ ಪಕ್ಕಾಸು, ರೀಪುಗಳನ್ನು ಆ ಭಾರಕ್ಕೆ ತಕ್ಕಂತೆ ಲೆಕ್ಕ ಹಾಕಿಸಿ. ಇಳಿಜಾರು 30 ಡಿಗ್ರಿಗೆ ಕಡಿಮೆಯಾಗದಿರಲಿ. ಹಳೆಯ ಮನೆ ಕೆಡವಿದಲ್ಲಿ ಒಳ್ಳೆಯ ಹಂಚು ಸಿಗುತ್ತದೆ. ಒಂದೊಂದನ್ನೂ ಎಡಗೈಯಲ್ಲಿ ತೂಗುಬಿಟ್ಟು ಬಲಗೈಯ ಬೆರಳಗಂಟಿನಿಂದ ಬಡಿಯಿರಿ. ಗಟ್ಟಿ ಹಂಚು ಠಣ್ ಎಂದು ಕಂಚಿನಂತೆ ನುಡಿಯುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದರೆ ಮಡಕೆಯ ಓಡಿನಂತೆ ಬದ್ ಎನ್ನುತ್ತದೆ. ನಡುನಡುವೆ ಆರೇಳು ಗಾಜಿನ ಹಂಚು ಇಟ್ಟರೆ ಹಗಲಿನಲ್ಲಿ ದೀಪ ಬೇಡ. ಮಂಗಗಳ ಹಾವಳಿ ಅಥವಾ ಮೇಲೆಯೇ ತೆಂಗಿನಮರವಿದ್ದರೆ ಮಾತ್ರ ಬಣ್ಣ ಲೇಪಿಸಿದ ತಗಡಿಗೆ ಹೋಗಿ. ಆಗ ಅರ್ಧ ಮಿಲಿಮೀಟರ್ ದಪ್ಪದ್ದನ್ನೇ ಕೇಳಿ, ಸ್ಕ್ರೂಗಳು ತುಕ್ಕು ಹಿಡಿಯದ ಸ್ಟೀಲಿನವಾಗಿರಲಿ. ಕಡಲಗಾಳಿಯಲ್ಲಿ ತಗಡಿಗಿಂತ ಮೊದಲು ಸಾಯುವುದು ಅಗ್ಗದ ಸ್ಕ್ರೂ.

ದೀಪಾವಳಿ ಕಳೆದ ಮೇಲೆ ಅಡಿಪಾಯ ತೆಗೆದರೆ ಮೇ ತಿಂಗಳ ಕೊನೆಯ ವಾರದ ಪತ್ತನಾಜೆಗೆ ಮೊದಲು ಮಾಡು ಮುಗಿಯುತ್ತದೆ. ನೆಲ ಒಣಗಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ಕನ್ನು ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಚ್ಚಿ ನೆಲಕ್ಕೆ ಕೂರಿಸಿ. ಮರುದಿನ ಎತ್ತಿದಾಗ ಅಡಿಯಲ್ಲಿ ಬೆವರಿನಂತಹ ಹನಿಗಳಿದ್ದರೆ ಅಥವಾ ಅಷ್ಟು ಜಾಗ ಕಪ್ಪಾಗಿದ್ದರೆ ಬಣ್ಣ, ಎಪಾಕ್ಸಿ ಯಾವುದನ್ನೂ ಹಚ್ಚಬೇಡಿ, ಹಪ್ಪಳದಂತೆ ಎದ್ದುಬರುತ್ತದೆ. ಕಾಯಿರಿ.

ಪ್ರಶ್ನೆ: ಸುರತ್ಕಲ್‌ನಲ್ಲಿ ಮನೆಯ ಹಿಂದೆ 20 ಮೀಟರ್ ದೂರದಲ್ಲಿ ನನ್ನ ಶೆಡ್ ಇದೆ. ಮನೆಯಿಂದ ವಯರ್ ಎಳೆದು ಗರಗಸದ ಯಂತ್ರ ನಡೆಸುತ್ತೇನೆ. ಮಳೆ ಹಿಡಿದರೆ ಯಂತ್ರ ಮುಟ್ಟಿದಾಗ ಜುಂ ಎನ್ನುತ್ತದೆ. ಆರ್‌ಸಿಸಿಬಿ ಪದೇ ಪದೇ ಬೀಳುತ್ತಿತ್ತೆಂದು ಎಲೆಕ್ಟ್ರಿಷಿಯನ್ ಅದನ್ನು ತೆಗೆದುಹಾಕಿದರು. ಬೇರೆ ಅರ್ತಿಂಗ್ ಕೊಟ್ಟರೆ ಸರಿಹೋದೀತೇ?

ಉತ್ತರ: ದಯವಿಟ್ಟು ಆ ಯಂತ್ರವನ್ನು ಇವತ್ತಿನಿಂದ ಮುಟ್ಟಬೇಡಿ. ಮನೆಯ ಮಕ್ಕಳನ್ನೂ ಶೆಡ್ಡಿನ ಹತ್ತಿರ ಬಿಡಬೇಡಿ.

ಆರ್‌ಸಿಸಿಬಿ ಸುಮ್ಮನೆ ಬೀಳುತ್ತಿರಲಿಲ್ಲ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ, ಅಷ್ಟು ವಿದ್ಯುತ್ತು ಬೇರೆ ದಾರಿಯಲ್ಲಿ ನೆಲ ಸೇರುತ್ತಿದೆ ಎಂದರ್ಥ. ಅದನ್ನು ಗುರುತಿಸಿ ಕಣ್ಣು ಮಿಟುಕಿಸುವ ಮುನ್ನ ಸಂಪರ್ಕ ಕಡಿಯುವುದೇ ಅದರ ಕೆಲಸ. ನಿಮ್ಮ ಶೆಡ್ಡಿನಲ್ಲಿ ಆ ಬೇರೆ ದಾರಿ ಒದ್ದೆ ನೆಲದ ಮೇಲೆ ನಿಂತ ನೀವೇ. ಕಾವಲಿಗಿದ್ದ ಸಾಧನವನ್ನು ಕಿತ್ತುಹಾಕಿ, ಸೋರಿಕೆಯನ್ನು ಹಾಗೆಯೇ ಬಿಟ್ಟಿದ್ದಾರೆ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತಿದೆ.

ಬೇರೆ ಎಲೆಕ್ಟ್ರಿಷಿಯನ್ನರನ್ನು ಕರೆದು ಮೊದಲು ಮೋಟರು, ಸ್ವಿಚ್ಚು, ವಯರುಗಳ ಇನ್ಸುಲೇಷನ್ ಪರೀಕ್ಷೆ ಮಾಡಿಸಿ. ಗರಗಸದ ಸ್ವಿಚ್ಚಿನೊಳಗೆ ಸೇರಿದ ಮರದ ಹುಡಿ ತೇವ ಹೀರಿಕೊಂಡು ವಿದ್ಯುತ್ತಿಗೆ ದಾರಿ ಮಾಡಿಕೊಡುವುದು ಮಳೆಗಾಲದಲ್ಲಿ ಸಾಮಾನ್ಯ. ನೇತಾಡುವ ವಯರನ್ನು ತೆಗೆದು, 6 ಚದರ ಮಿಲಿಮೀಟರಿನ ಉಕ್ಕಿನ ಕವಚವಿರುವ ತಾಮ್ರದ ಕೇಬಲ್ಲನ್ನು 75 ಸೆಂಟಿಮೀಟರ್ ಆಳದಲ್ಲಿ ಹೂಳಿಸಿ. ಕೆಳಗೆ ಮೇಲೆ ಮರಳು, ಅದರ ಮೇಲೆ ಇಟ್ಟಿಗೆಯ ಒಂದು ಸಾಲು ಇರಲಿ. ಮುಂದೆ ಯಾರಾದರೂ ಬಾಳೆಗುಂಡಿ ತೋಡುವಾಗ ಹಾರೆ ಮೊದಲು ಇಟ್ಟಿಗೆಗೆ ತಾಗುತ್ತದೆ. ಈ ದಪ್ಪದ ಕೇಬಲ್ಲಿನಲ್ಲಿ 20 ಮೀಟರ್ ದೂರಕ್ಕೆ 20 ಆಂಪಿಯರ್ ಹರಿದರೂ ಎರಡೂವರೆ ವೋಲ್ಟಿನಷ್ಟೇ ಇಳಿಕೆ, ಯಂತ್ರ ಏದುಸಿರು ಬಿಡುವುದಿಲ್ಲ.

ಅರ್ತಿಂಗ್ ಖಂಡಿತ ಬೇಕು, ಆದರೆ ಅದೊಂದೇ ಸಾಲದು. ನಮ್ಮ ಕೆಂಪುಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ವಿದ್ಯುತ್ತನ್ನು ಸುಲಭವಾಗಿ ಒಳಗೆಳೆಯುವುದಿಲ್ಲ. ಜುಲೈಯಲ್ಲಿ ಅಳೆದ ಅರ್ತಿಂಗ್ ಚೆನ್ನಾಗಿಯೇ ಕಾಣುತ್ತದೆ. ಏಪ್ರಿಲ್ ಕೊನೆಯಲ್ಲಿ ಅಳೆಸಿ, ಆಗಲೂ ಐದು ಓಮ್ ಒಳಗಿದ್ದರೆ ನೆಮ್ಮದಿ. ಶೆಡ್ಡಿನ ಪೆಟ್ಟಿಗೆಯಲ್ಲಿ ಹೆಚ್ಚು ವಿದ್ಯುತ್ತು ಹರಿದರೆ ಸಂಪರ್ಕ ಕಡಿಯುವ ಎಂಸಿಬಿ ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನು ಮತ್ತೆ ಕೂರಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಸಿಡಿಲಿನ ಸಂಜೆಗಳಲ್ಲಿ ಯಂತ್ರಗಳ ಪ್ಲಗ್ ತೆಗೆದಿಡಿ. ಮತ್ತೊಂದು ಮಾತು: ಮಾಡಿದ ಪೀಠೋಪಕರಣ ಮಾರಲು ತೊಡಗಿದರೆ ಮನೆಯ ಸಂಪರ್ಕದಲ್ಲೇ ನಡೆಸಬೇಡಿ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅದು ಅನಧಿಕೃತ ಬಳಕೆ. ಮೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ ಪ್ರತ್ಯೇಕ ಸಂಪರ್ಕ ಪಡೆಯಿರಿ.

ಪ್ರಶ್ನೆ: ಮಣಿಪಾಲದಲ್ಲಿದ್ದೇನೆ. ಪ್ರತಿ ಮಳೆಗಾಲದಲ್ಲಿ ಉಳಿ, ಗರಗಸಗಳಿಗೆ ತುಕ್ಕು ಹಿಡಿಯುತ್ತದೆ. ತೆಂಗಿನೆಣ್ಣೆ ಹಚ್ಚಿಟ್ಟರೂ ಪ್ರಯೋಜನವಿಲ್ಲ. ಏನು ಮಾಡಲಿ?

ಉತ್ತರ: ತೆಂಗಿನೆಣ್ಣೆ ದಿನ ಕಳೆದಂತೆ ಕಮಟಾಗಿ ಜಿಗುಟಾಗುತ್ತದೆ, ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆಯ ತುಂಡೊಂದನ್ನು ಡಬ್ಬಿಯಲ್ಲಿ ಇಟ್ಟುಕೊಂಡು, ಕೆಲಸ ಮುಗಿದ ಕೂಡಲೇ ಒಮ್ಮೆ ಒರೆಸಿ. ಬೆವರಿನ ಬೆರಳು ತಾಗಿದ ಜಾಗದಲ್ಲೇ ತುಕ್ಕು ಮೊದಲು ಏಳುವುದನ್ನು ನೀವೂ ಗಮನಿಸಿರಬಹುದು. ಗರಗಸದ ಮೇಜಿನಂತಹ ದೊಡ್ಡ ಮೈಗೆ ಮೇಣ ಉಜ್ಜಿ. ಉಪಕರಣಗಳನ್ನು ಬಾಗಿಲಿರುವ ಮರದ ಕಪಾಟಿನಲ್ಲಿಟ್ಟು, ಒಳಗೆ ತಳದಲ್ಲಿ ಜಾಲರಿಯ ಗೂಡಿನೊಳಗೆ 25 ವ್ಯಾಟಿನ ಹಳೆಯ ಬಗೆಯ ಬಲ್ಬು ಉರಿಸಿ. ಎಲ್‌ಇಡಿಗೆ ಅಷ್ಟು ಬಿಸಿ ಇಲ್ಲ. ಹೊರಗಿಗಿಂತ ಕಪಾಟಿನ ಒಳಗೆ ಸ್ವಲ್ಪ ಬೆಚ್ಚಗಿದ್ದರೆ ಲೋಹದ ಮೇಲೆ ತೇವ ಕೂರುವುದಿಲ್ಲ. ಬಟ್ಟೆ, ಎಣ್ಣೆ, ಥಿನ್ನರ್ ಯಾವುದೂ ಆ ಕಪಾಟಿನಲ್ಲಿ ಇರಕೂಡದು.

ಅಗಸೆ ಎಣ್ಣೆಯಿಂದ ಪಾಲಿಶ್ ಮಾಡುವ ಅಭ್ಯಾಸವಿದ್ದರೆ ಇನ್ನೊಂದು ಎಚ್ಚರ ಹೇಳಲೇಬೇಕು. ಆ ಎಣ್ಣೆ ಒಣಗುವಾಗ ಬಿಸಿ ಹೊರಬರುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಒಳಗೇ ಕೂಡಿಕೊಂಡು, ಕಿಡಿ ಇಲ್ಲದೆಯೂ ಬೆಂಕಿ ಹೊತ್ತಿಕೊಳ್ಳಬಹುದು. ಅಂಗಳದ ಹಗ್ಗದ ಮೇಲೆ ಹರಡಿ ಒಣಗಿಸಿ, ಅಥವಾ ನೀರು ತುಂಬಿದ ಡಬ್ಬಿಗೆ ಹಾಕಿ ಮುಚ್ಚಿ.

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಸ್ವಂತ ಜಾಗ. ಸಣ್ಣ ಶೆಡ್ಡಿಗೂ ಪರವಾನಗಿ ಬೇಕೇ? ಪಾಗಾರಕ್ಕೆ ತಾಗಿಸಿ ಕಟ್ಟಬಹುದೇ?

ಉತ್ತರ: ಬೇಕು, ಮತ್ತು ತಾಗಿಸಬೇಡಿ. ನಗರಸಭೆಯಲ್ಲಿ ನಕ್ಷೆ ತೋರಿಸಿ ಎಷ್ಟು ಜಾಗ ಬಿಡಬೇಕೆಂದು ಬರವಣಿಗೆಯಲ್ಲೇ ಪಡೆಯಿರಿ. ಮಲ್ಪೆಯಾದ್ದರಿಂದ ಕರಾವಳಿ ನಿಯಂತ್ರಣ ವಲಯದ ನಿಯಮ ನಿಮ್ಮ ಜಾಗಕ್ಕೆ ಅನ್ವಯಿಸುತ್ತದೆಯೇ ಎಂದು ಅಲ್ಲಿಯೇ ಕೇಳಿ. ಸಮುದ್ರದ ಭರತ ರೇಖೆಯಿಂದ (ಉಬ್ಬರದ ನೀರು ಏರುವ ಗಡಿಯಿಂದ) 500 ಮೀಟರ್ ಒಳಗಿನ ನೆಲ ಆ ವಲಯಕ್ಕೆ ಸೇರುತ್ತದೆ. ಪಾಗಾರದಿಂದ ದೂರ ಸರಿಯಲು ನನಗೆ ಇನ್ನೊಂದು ಕಾರಣವೂ ಇದೆ. ಸೂರಿನ ನೀರು ನೆರೆಯವರ ಅಂಗಳಕ್ಕೆ ಬೀಳಬಾರದು. ಸೂರು ಮೂರು ಅಡಿ ಚಾಚಿದ ಮೇಲೂ ಅದರ ಕೆಳಗೆ ತೋಡಿಗೆ ಹೋಗುವ ಚರಂಡಿಗೆ ಒಂದೂವರೆ ಅಡಿ ಉಳಿಯುವಂತೆ ಗೋಡೆಯ ದಾರ ಹಿಡಿಸಿ.