ಒಂದೇ ತೂಕದ ಇಬ್ಬರು ಕುಸ್ತಿಪಟುಗಳನ್ನು ಭಾರತ ಒಲಿಂಪಿಕ್ಸ್‌ಗೆ ಯಾಕೆ ಕಳಿಸಲ್ಲ?

ಕಳಿಸುವ ಹಾಗಿಲ್ಲ. ಕುಸ್ತಿಯಲ್ಲಿ ಒಂದು ತೂಕದ ವಿಭಾಗಕ್ಕೆ ಒಂದು ದೇಶದಿಂದ ಒಬ್ಬರೇ. ನಮ್ಮ ಬಳ್ಳಾರಿ ಜಿಲ್ಲೆಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಇಬ್ಬರು ದಿನಾ ಒಂದೇ ಮ್ಯಾಟ್ ಮೇಲೆ ಪಟ್ಟು ಹಾಕಿ ಬೆಳೆದರೂ ಅವಕಾಶ ಒಬ್ಬರಿಗೇ.

ಕಾರಣ ಜಾಗದ ಲೆಕ್ಕ. 2024ರ ಪ್ಯಾರಿಸ್‌ನಲ್ಲಿ ಎಲ್ಲ ಆಟ ಸೇರಿ ಸುಮಾರು 10,500 ಕ್ರೀಡಾಪಟುಗಳ ಮಿತಿ ಇತ್ತು. ಕುಸ್ತಿಗೆ ಸಿಕ್ಕಿದ್ದು 288 ಜಾಗ. 18 ವಿಭಾಗಕ್ಕೆ ಹಂಚಿದರೆ ತಲಾ 16. ಬಲಿಷ್ಠ ದೇಶಗಳೇ ಮೂರ್ನಾಲ್ಕು ಜನರನ್ನು ಕಳಿಸಿದರೆ ಸಣ್ಣ ದೇಶಗಳಿಗೆ ಏನೂ ಉಳಿಯಲ್ಲ, ಅಲ್ವಾ?

ಇನ್ನೊಂದು ವಿಷಯ ನನಗೆ ತುಂಬಾ ನೋವು ಕೊಡುತ್ತದೆ. ಅರ್ಹತಾ ಪಂದ್ಯದಲ್ಲಿ ಗೆದ್ದ ಕೋಟಾ, ಅಂದರೆ ಆ ಜಾಗ, ಸೇರುವುದು ದೇಶಕ್ಕೆ. ಗೆದ್ದು ತಂದವರೇ ಹೋಗಬೇಕು ಅಂತೇನಿಲ್ಲ. ಕುಸ್ತಿಯಲ್ಲಿ ಒಬ್ಬರೇ ಆದರೂ, ಅಥ್ಲೆಟಿಕ್ಸ್‌ನಲ್ಲಿ ಒಂದು ಸ್ಪರ್ಧೆಗೆ ಒಂದು ದೇಶದಿಂದ ಮೂವರ ತನಕ ಬಿಡುತ್ತಾರೆ, ಅವರೆಲ್ಲ ಅರ್ಹತೆ ಪಡೆದಿದ್ದರೆ.