ತಪ್ಪು ಮಾಡಿದ ವಿಜ್ಞಾನಿಯ ಕತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಿಜ್ಞಾನ ಕತೆ ಬರೆಯುವವರ ಪ್ರಶ್ನೆಗಳಿಗೆ ಈ ಅಂಕಣ. ಈ ಸಲದ ಪತ್ರಗಳೆಲ್ಲ ಒಂದೇ ವಸ್ತುವಿನ ಸುತ್ತ ಇವೆ: ಬೇರೆ ಗ್ರಹದ ಮೂಲನಿವಾಸಿಗಳಿಗೆ ಕೇಡು ಮಾಡಿ, ಆ ಪಾಪದ ಭಾರ ಹೊತ್ತು ಪ್ರಾಯಶ್ಚಿತ್ತಕ್ಕೆ ಹೊರಟ ವಿಜ್ಞಾನಿ.

ಪ್ರಶ್ನೆ: ನನ್ನ ಕಾದಂಬರಿಯಲ್ಲಿ ವಿಜ್ಞಾನಿಯ ಮೈಯಿಂದ ದಡಾರದ ವೈರಸ್ ಹಬ್ಬಿ ಅಲ್ಲಿಯ ಜನ ಊರಿಗೆ ಊರೇ ಸಾಯುತ್ತಾರೆ. ಹಸ್ತಪ್ರತಿ ಓದಿದ ಗೆಳೆಯ ‘ಇದು ಆಗದ ಮಾತು’ ಅಂದ. ಯಾಕೆ ಆಗದು?
— ಬೆಟಗೇರಿಯ ಓದುಗರು

ಉತ್ತರ: ಗೆಳೆಯರ ಮಾತು ಸರಿ. ವೈರಸ್ಸಿಗೆ ಸ್ವಂತ ಒಲೆಯಿಲ್ಲ, ಪಾತ್ರೆಯಿಲ್ಲ. ಹೊಕ್ಕ ಜೀವಕೋಶದ ಸಾಮಾನಿನಲ್ಲೇ ಅದು ತನ್ನ ಅಡುಗೆ ಮಾಡಿಕೊಳ್ಳಬೇಕು. ಹೊಗುವುದಕ್ಕೂ ಅದಕ್ಕೆ ಗೊತ್ತಿರುವ ಬಾಗಿಲೇ ಬೇಕು. ಕೊಟ್ಟಿಗೆಯ ಎತ್ತು, ಎಮ್ಮೆಗಳಿಗೇ ತಗುಲದ ದಡಾರ ಬೇರೆಯೇ ಮೂಲದಿಂದ ಹುಟ್ಟಿಬಂದ ಜೀವಕ್ಕೆ ತಗುಲಲಾರದು. 1875ರಲ್ಲಿ ಫಿಜಿ ದ್ವೀಪಗಳಲ್ಲಿ ದಡಾರಕ್ಕೆ ಸುಮಾರು 40,000 ಜನ ಸತ್ತರು. 1877ರಲ್ಲಿ ಅಂಡಮಾನಿನ ಮೂಲನಿವಾಸಿಗಳಲ್ಲೂ ದಡಾರ ಹಬ್ಬಿ ಸಾವು ತಂದಿತು. ಆದರೆ ರೋಗ ತಂದವರೂ ಮನುಷ್ಯರು, ಸತ್ತವರೂ ಮನುಷ್ಯರು. ಆ ಇತಿಹಾಸವನ್ನು ಹಾಗೇ ಎತ್ತಿ ಇನ್ನೊಂದು ಗ್ರಹದಲ್ಲಿ ಇಟ್ಟರೆ ಜೀವಶಾಸ್ತ್ರ ಬಲ್ಲ ಓದುಗ ಮೂರನೇ ಪುಟಕ್ಕೇ ಪುಸ್ತಕ ಮಡಚುತ್ತಾನೆ.

ಬದಲಿಗೆ ನೀರನ್ನು ಆರಿಸಿಕೊಳ್ಳಿ. ಜೀವ ಯಾವ ಬಗೆಯದಾದರೂ ತಾನು ಹುಟ್ಟಿ ಬೆಳೆದ ನೀರಿನ ಉಪ್ಪಿನ ಪ್ರಮಾಣಕ್ಕೆ ಹೊಂದಿಕೊಂಡಿರುತ್ತದೆ. ಉಪ್ಪು ಹೆಚ್ಚಾದರೆ ಕೋಶದೊಳಗಿನ ನೀರು ಹೊರಕ್ಕೆ ಸೋರಿಹೋಗುತ್ತದೆ. ಇದಕ್ಕೆ ರೋಗಾಣುವೂ ಬೇಡ, ದುಷ್ಟತನವೂ ಬೇಡ. ಒಂದು ಬೋರು ಸಾಕು.

ಕೇಡು ಆಗುವ ರೀತಿ ಹೀಗೆ ಇರಲಿ. ಮೇಲೆ ಸಿಹಿನೀರಿನ ಪದರ. ಅದರಡಿ ನೀರು ಬಿಡದ ಜೇಡಿಯ ಹಾಸು. ಅದಕ್ಕೂ ಕೆಳಗೆ ಒತ್ತಡದಲ್ಲಿರುವ ಸವಳು ನೀರು. ವಿಜ್ಞಾನಿ ಮಾದರಿಗಾಗಿ ಜೇಡಿ ದಾಟಿ ಕೊರೆಯುತ್ತಾನೆ, ಕೇಸಿಂಗ್ ಪೈಪು ಇಳಿಸುತ್ತಾನೆ. ಪೈಪಿನ ಹೊರಮೈಗೂ ಕೊರೆದ ಗೋಡೆಗೂ ನಡುವೆ ಉಳಿಯುವ ಸಂದಿಗೆ ಸಿಮೆಂಟ್ ತುಂಬಬೇಕು. ಎರಡು ದಿನ ಉಳಿಸಲು ಅದನ್ನು ಬಿಡುತ್ತಾನೆ. ಕೆಳಗಿನ ಸವಳು ಆ ಸಂದಿಯ ಗುಂಟ ಮೇಲೇರಿ ಸಿಹಿನೀರಿಗೆ ಸೇರುತ್ತದೆ. ಪೈಪಿನ ಬಾಯಲ್ಲಿ ಏನೂ ಕಾಣುವುದಿಲ್ಲ, ಅವನು ಅಲ್ಲಿ ಅಳೆದ ನೀರೂ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಅರ್ಧ ಹರದಾರಿ ಆಚೆ ಅಲ್ಲಿಯ ಜನರ ಮಕ್ಕಳು ಕುಡಿಯುವ ಒರತೆ.

ಅವನ ಉದ್ದೇಶ ಒಳ್ಳೆಯದಾಗಿದ್ದರೆ ಕತೆ ಇನ್ನೂ ಗಟ್ಟಿಯಾಗುತ್ತದೆ. ಬಾಂಗ್ಲಾದೇಶದಲ್ಲಿ ನಿಜವಾಗಿಯೂ ಹಾಗೇ ಆಯಿತು. ಕೆರೆ ಹೊಂಡಗಳ ನೀರು ಕುಡಿದು ಮಕ್ಕಳು ವಾಂತಿ ಭೇದಿಗೆ ಸಾಯುತ್ತಿದ್ದರು. ಅದನ್ನು ತಪ್ಪಿಸಲು 1970ರ ದಶಕದಿಂದ ಯುನಿಸೆಫ್ ನೆರವಿನಲ್ಲಿ ಊರೂರಿಗೆ ಕೈಪಂಪಿನ ಕೊಳವೆಬಾವಿ ಹಾಕಿದರು. ಆ ನೀರಿನಲ್ಲಿ ಆರ್ಸೆನಿಕ್ ಇದೆ ಎಂದು ಅಲ್ಲಿ ಪತ್ತೆಯಾದದ್ದು 1993ರಲ್ಲಿ. ಆರ್ಸೆನಿಕ್ಕಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಅಂಗೈ ಅಂಗಾಲು ಗಡುಸಾಗಿ ಮೈಮೇಲೆ ಕಪ್ಪು ಮಚ್ಚೆ ಏಳುವುದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. ನಿಮ್ಮದೇ ಗದಗ ಜಿಲ್ಲೆಯ ಮುಂಡರಗಿ ಸೀಮೆಯ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಹಲ್ಲು ಮೂಡುವ ವಯಸ್ಸಿನ ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ಇನ್ನೂ ಹೆಚ್ಚಿದ್ದು ವರ್ಷಾನುಗಟ್ಟಲೆ ಕುಡಿದರೆ ಮೂಳೆ ಬಿಗಿದು ಸೊಂಟ ಬಾಗುತ್ತದೆ. ಬರೆಯುವ ಮೊದಲು ಆ ಊರುಗಳಲ್ಲಿ ಎರಡು ದಿನ ಇದ್ದು ಬನ್ನಿ. ನಿಧಾನವಾಗಿ ಮೈ ಕೆಡಿಸುವ ನೀರಿನ ಜೊತೆ ಜನ ಹೇಗೆ ಬದುಕುತ್ತಾರೆ, ಯಾರು ಬೇರೆ ಕಡೆಯಿಂದ ನೀರು ಹೊತ್ತು ತರುತ್ತಾರೆ, ಯಾರಿಗೆ ಅದಾಗುವುದಿಲ್ಲ, ಇದೆಲ್ಲ ನಿಮ್ಮ ಗ್ರಹಕ್ಕೂ ಬೇಕು.

ಪ್ರಶ್ನೆ: ಕೊನೆಯ ಅಧ್ಯಾಯದಲ್ಲಿ ವಿಜ್ಞಾನಿ ಒಂದು ಶುದ್ಧೀಕರಣ ಯಂತ್ರ ಕಂಡುಹಿಡಿದು ನೀರನ್ನು ಸರಿಮಾಡುತ್ತಾನೆ. ಸಂಪಾದಕರು ‘ಸುಲಭದ ದಾರಿ ಹಿಡಿದಿದ್ದೀರಿ’ ಎಂದು ವಾಪಸು ಕಳಿಸಿದರು. ನಿಜವಾಗಿ ಇದ್ದರೆ ಏನು ಮಾಡುತ್ತಾರೆ?
— ರಾಣೆಬೆನ್ನೂರಿನ ಪದವಿ ವಿದ್ಯಾರ್ಥಿನಿ

ಉತ್ತರ: ಮೇಲೆ ಹೇಳಿದ ಬೋರಿನಿಂದಲೇ ನೀರು ಕೆಟ್ಟಿದೆ ಎಂದುಕೊಂಡರೆ, ಮೊದಲು ಆ ತೂತು ಮುಚ್ಚುತ್ತಾರೆ. ಅದೇ ಒಂದು ಇಡೀ ಅಧ್ಯಾಯದ ಕೆಲಸ. ನಮ್ಮ ಕಡೆಯ 6.5 ಇಂಚಿನ ಬೋರನ್ನೇ ಲೆಕ್ಕಕ್ಕೆ ಹಿಡಿಯಿರಿ. ಅಡಿಗೆ ಸುಮಾರು 6.5 ಲೀಟರ್ ಜಾಗ, 650 ಅಡಿ ಆಳಕ್ಕೆ ಸುಮಾರು 4,200 ಲೀಟರ್. 50 ಕೆ.ಜಿ. ಸಿಮೆಂಟಿಗೆ 26 ಲೀಟರ್ ನೀರು ಕಲಸಿದರೆ 42 ಲೀಟರ್ ಗಟ್ಟಿ ಸಿಮೆಂಟ್ ಹಾಲು ಬರುತ್ತದೆ. ಅಂದರೆ ನೂರು ಚೀಲ. ಬಂಡೆಯ ಬಿರುಕುಗಳು ಕುಡಿಯುವುದು ಬೇರೆ. ನೀರು ಹೆಚ್ಚಾದರೆ ಸುರಿಯಲು ಸಲೀಸು, ಆದರೆ ಗಟ್ಟಿಯಾಗುವಾಗ ಕುಗ್ಗಿ ಅಂಚಿನಲ್ಲಿ ಮತ್ತೆ ಸಂದು ಬಿಡುತ್ತದೆ.

ಮೇಲಿನಿಂದ ಸುರಿಯುವುದು ಎಲ್ಲರೂ ಮಾಡುವ ತಪ್ಪು. ನಡುವೆ ಎಲ್ಲೋ ಸಿಕ್ಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ. ನೀರಿನೊಳಗೆ ಬಿದ್ದ ಸಿಮೆಂಟು ಬಿಡಿಬಿಡಿಯಾಗಿ ಹರಡುತ್ತದೆ. ಸಣ್ಣ ಪೈಪನ್ನು ತಳದವರೆಗೆ ಇಳಿಸಿ, ಅಲ್ಲಿಂದ ತುಂಬುತ್ತಾ ಪೈಪನ್ನು ನಿಧಾನವಾಗಿ ಮೇಲೆತ್ತಬೇಕು. ಪೈಪಿನ ತುದಿ ಯಾವಾಗಲೂ ಸಿಮೆಂಟ್ ಹಾಲಿನಲ್ಲಿ ಮುಳುಗಿರಬೇಕು. ಇನ್ನೊಂದು ತೊಡಕು: ಕೆಳಗಿನ ಸವಳು ನೀರು ಮೇಲಕ್ಕೆ ಒತ್ತುತ್ತಿದೆ. ಈ ಹಾಲು ಲೀಟರಿಗೆ ಸುಮಾರು 1.8 ಕೆ.ಜಿ. ತೂಗುತ್ತದೆ. ಆ ತೂಕ ಒತ್ತಡವನ್ನು ತಡೆಯದಿದ್ದರೆ ಸವಳು ಹಸಿ ಸಿಮೆಂಟಿನೊಳಗೇ ದಾರಿ ಕೊರೆದುಕೊಂಡು ಬರುತ್ತದೆ. ನಿಮ್ಮ ವಿಜ್ಞಾನಿಯ ಮೊದಲ ಪ್ರಯತ್ನ ಇಲ್ಲಿ ಸೋಲಲಿ. ಕೇಸಿಂಗಿನ ಹೊರಗಿನ ಸಂದು ಮರೆಯಬೇಡಿ. ಪೈಪು ಕೀಳದೆ, ಅಥವಾ ಅದಕ್ಕೆ ತೂತು ಹೊಡೆದು ಸಿಮೆಂಟನ್ನು ಆಚೆ ತಳ್ಳದೆ, ಬರೀ ಒಳಗೆ ತುಂಬಿದರೆ ಸೋರುವ ಜಾಗ ಸೋರುತ್ತಲೇ ಇರುತ್ತದೆ.

ಅವನಲ್ಲಿ ಸಿಮೆಂಟ್ ಇಲ್ಲದಿರಬಹುದು, ಅಥವಾ ಆ ಗ್ರಹದ ಚಳಿಗೆ ಅದು ಕೂಡಿಕೊಳ್ಳದಿರಬಹುದು. ಆಗ ಉಬ್ಬುವ ಜೇಡಿಮಣ್ಣು ಇದೆ. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ, ಬ್ಯಾಸಗಿಯಲ್ಲಿ ಕಾಲು ಸಿಗುವಷ್ಟು ಬಿರಿಯುವುದು ಅದೇ ಜಾತಿಯ ಕಣಗಳಿಂದ. ಒಣ ಉಂಡೆಗಳನ್ನು ಇಳಿಸಿದರೆ ನೀರು ಕುಡಿದು ಉಬ್ಬಿ ಬೋರನ್ನು ಬಿಗಿಯುತ್ತವೆ. ಆದರೆ ಉಪ್ಪುನೀರಿನಲ್ಲಿ ಅವು ಅಷ್ಟು ಉಬ್ಬುವುದಿಲ್ಲ. ಸಿಹಿನೀರಿನಲ್ಲಿ ಪರೀಕ್ಷೆ ಮಾಡಿ ನೆಚ್ಚಿಕೊಂಡವನು ಸವಳಿನಲ್ಲಿ ಎರಡನೇ ಸಲ ಸೋಲುತ್ತಾನೆ.

ಇಷ್ಟಾದ ಮೇಲೂ ಕೆಟ್ಟ ನೀರು ಅಲ್ಲೇ ಇರುತ್ತದೆ. ಮರಳಿನ ಪದರದಲ್ಲಿ ಅಂತರ್ಜಲ ದಿನಕ್ಕೆ 10 ಸೆಂ.ಮೀ. ಸರಿಯುತ್ತದೆ ಎಂದು ಇಟ್ಟುಕೊಳ್ಳಿ. ಎರಡು ಕಿ.ಮೀ. ದಾಟಲು 20,000 ದಿನ, ಅಂದರೆ ಸುಮಾರು 55 ವರ್ಷ. ಅವನು ಸಾಯುವ ಹೊತ್ತಿಗೂ ಆ ಒರತೆ ತಿಳಿಯಾಗಿರುವುದಿಲ್ಲ. ನಿಮ್ಮ ಯಂತ್ರ ಸುಳ್ಳೆನಿಸುವುದು ಇದರಿಂದ. ಶುದ್ಧೀಕರಣ ಘಟಕ ಇರಲಿ, ಬೇಡವೆನ್ನುವುದಿಲ್ಲ. ಆದರೆ ಅದರ ಒಳಗಿನ ಉಪ್ಪು ಸೋಸುವ ಪೊರೆ ಕಟ್ಟಿಕೊಳ್ಳುತ್ತದೆ, ತೊಳೆಯಬೇಕು, ಬದಲಿಸಬೇಕು. ಉದ್ಘಾಟನೆಯಾಗಿ ಕೆಲವು ವರ್ಷಕ್ಕೆ ಬೀಗ ಬಿದ್ದ ಘಟಕಗಳನ್ನು ನೀವೇ ನೋಡಿರುತ್ತೀರಿ. ಯಂತ್ರ ತಂದಿಟ್ಟವನಿಗಿಂತ ಹನ್ನೆರಡನೇ ವರ್ಷದಲ್ಲೂ ಅದರ ಪೊರೆ ಬದಲಿಸುತ್ತಿರುವವನ ಬಗ್ಗೆ ಬರೆಯಿರಿ.

ಬಾಂಗ್ಲಾದೇಶದಲ್ಲಿ ಮಾಡಿದ ಇನ್ನೊಂದು ಕೆಲಸವೂ ಬಳಸಿಕೊಳ್ಳುವಂಥದ್ದು. ಸುಮಾರು 50 ಲಕ್ಷ ಬಾವಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟದ್ದರ ಬಾಯಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಳಿದರು. ಸುಮಾರು 14 ಲಕ್ಷ ಕೆಂಪಾದವು. ಬಣ್ಣ ಮಾಸಿತು. ಆಮೇಲೆ ಕೊರೆದ ಎಷ್ಟೋ ಬಾವಿಗಳಿಗೆ ಬಣ್ಣವೇ ಇಲ್ಲ. ಒರತೆಯಿಂದ ಒರತೆಗೆ ನಡೆದು ಗುರುತು ಹಾಕುವ, ಮಾಸಿದ್ದನ್ನು ಮತ್ತೆ ಬಳಿಯುವ ವಿಜ್ಞಾನಿ ನಿಮ್ಮ ಕತೆಗೆ ಒಪ್ಪುತ್ತಾನೆ.

ಪ್ರಶ್ನೆ: ಬೇರೆ ಗ್ರಹವನ್ನು ಕೆಡಿಸಬಾರದೆಂಬ ಕಾನೂನು ಇದೆಯೇ? ವಿಜ್ಞಾನಿ ತಪ್ಪೊಪ್ಪಿಗೆಯನ್ನು ಭೂಮಿಗೆ ಕಳಿಸಿದರೆ ಏನಾಗುತ್ತದೆ?
— ಹಾನಗಲ್ಲಿನ ಓದುಗರು

ಉತ್ತರ: ಇದೆ. 1967ರ ಬಾಹ್ಯಾಕಾಶ ಒಪ್ಪಂದದ ಒಂಬತ್ತನೇ ವಿಧಿ ಆಕಾಶಕಾಯಗಳನ್ನು ಹಾನಿಯಾಗುವಂತೆ ಕಲುಷಿತಗೊಳಿಸಬಾರದು ಎನ್ನುತ್ತದೆ. 1976ರಲ್ಲಿ ಮಂಗಳಕ್ಕಿಳಿದ ವೈಕಿಂಗ್ ನೌಕೆಗಳನ್ನು ಹೊರಡುವ ಮೊದಲು ಸುಮಾರು 112 ಡಿಗ್ರಿ ಒಣಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಿದ್ದರು. ಆ ಗ್ರಹಗಳ ಚಂದ್ರಗಳಿಗೆ ಬಡಿದು ಕೆಡಿಸೀತೆಂದು ಗೆಲಿಲಿಯೊ ನೌಕೆಯನ್ನು 2003ರಲ್ಲಿ ಗುರುವಿನೊಳಕ್ಕೆ, ಕ್ಯಾಸಿನಿ ನೌಕೆಯನ್ನು 2017ರಲ್ಲಿ ಶನಿಯೊಳಕ್ಕೆ ಬೀಳಿಸಿ ಸುಟ್ಟರು. ಆದರೆ ಇವೆಲ್ಲ ಸೂಕ್ಷ್ಮಜೀವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಏರ್ಪಾಡು. ಅಲ್ಲಿ ಜನರಿದ್ದರೆ ಅವರನ್ನು ಕೇಳಬೇಕು ಎಂಬ ಮಾತು ಆ ಒಪ್ಪಂದದಲ್ಲಿಲ್ಲ. ನಿಮ್ಮ ಕತೆ ಆ ಬಿಟ್ಟ ಜಾಗದಲ್ಲಿ ನಿಲ್ಲಲಿ.

ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.2 ಜ್ಯೋತಿರ್ವರ್ಷ ದೂರ. ಅಲ್ಲಿಂದ ಕಳಿಸಿದ ತಪ್ಪೊಪ್ಪಿಗೆಗೆ ಉತ್ತರ ಬರುವುದು ಎಂಟೂವರೆ ವರ್ಷಕ್ಕೆ. ಶಿಕ್ಷೆಯೋ ಕ್ಷಮೆಯೋ ಅಷ್ಟು ದಿನ ಭೂಮಿಯಿಂದ ಬರುವುದಿಲ್ಲ. ಅವನ ಎದುರಿಗಿರುವವರು ಆ ಗ್ರಹದ ಜನ ಮಾತ್ರ.

ಪ್ರಶ್ನೆ: ನನ್ನ ಕತೆ ಹೀಗೆ ಮುಗಿಯುತ್ತದೆ: ಬುಡಕಟ್ಟಿನ ಹಿರಿಯ ವಿಜ್ಞಾನಿಯ ತಲೆಯ ಮೇಲೆ ಕೈಯಿಟ್ಟು ಕ್ಷಮಿಸುತ್ತಾನೆ. ಓದಿದವರು ಕಣ್ಣೊರೆಸಿಕೊಳ್ಳುತ್ತಾರೆ, ನನಗೇ ಯಾಕೋ ಸುಳ್ಳೆನಿಸುತ್ತದೆ.
— ಧಾರವಾಡ, ಮಾಳಮಡ್ಡಿಯ ಓದುಗರು

ಉತ್ತರ: ನಿಮ್ಮ ಅನುಮಾನವನ್ನು ನಂಬಿ. ಆ ದೃಶ್ಯದಲ್ಲಿ ಹಿರಿಯನಿಗೆ ಇರುವುದು ಒಂದೇ ಕೆಲಸ, ತಪ್ಪು ಮಾಡಿದವನ ಎದೆ ಹಗುರ ಮಾಡುವುದು. ಸತ್ತವರು ಅವನ ಮಂದಿ. ಅವನ ದುಃಖಕ್ಕೆ ಕತೆಯಲ್ಲಿ ಜಾಗ ಎಲ್ಲಿದೆ?

ನಡೆದ ಸಂಗತಿಗಳನ್ನು ನೋಡಿ. ಅಮೆರಿಕದ ಮೂಲನಿವಾಸಿ ಹವಸುಪಾಯಿ ಜನರಿಂದ 1990ರಿಂದ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ರಕ್ತ ತೆಗೆದರು. ಅದೇ ರಕ್ತವನ್ನು ಅವರಿಗೆ ಹೇಳದೆ ಮನೋರೋಗದ, ವಲಸೆಯ ಮೂಲದ ಅಧ್ಯಯನಗಳಿಗೂ ಬಳಸಿದರು. 2003ರಲ್ಲಿ ಗೊತ್ತಾದ ಮೇಲೆ ಆ ಜನ ಸಂಶೋಧಕರು ತಮ್ಮ ನೆಲಕ್ಕೆ ಕಾಲಿಡದಂತೆ ಮಾಡಿದರು, ಮೊಕದ್ದಮೆ ಹೂಡಿದರು. 2010ರಲ್ಲಿ ರಾಜಿಯಾದಾಗ 41 ಮಂದಿಗೆ 7 ಲಕ್ಷ ಡಾಲರ್ ಬಂತು, ಉಳಿದ ರಕ್ತವೂ ಮರಳಿತು. ಅಮೆಜಾನ್ ಕಾಡಿನ ಯಾನೊಮಾಮಿ ಜನರಲ್ಲಿ ಸತ್ತವರದೇನೂ ಉಳಿಯಬಾರದು. 1960ರ ದಶಕದಲ್ಲಿ ತೆಗೆದ ಅವರ ರಕ್ತ ದಶಕಗಟ್ಟಲೆ ಶೀತಪೆಟ್ಟಿಗೆಗಳಲ್ಲಿತ್ತು. ಎರಡೂವರೆ ಸಾವಿರಕ್ಕೂ ಹೆಚ್ಚು ಸೀಸೆಗಳು 2015ರಲ್ಲಿ ಹಿಂದಿರುಗಿದವು, ತಮ್ಮ ವಿಧಿಯಂತೆ ಅವರೇ ಮಣ್ಣು ಮಾಡಿದರು. ದಕ್ಷಿಣ ಆಫ್ರಿಕದ ಸಾನ್ ಜನ 2017ರಲ್ಲಿ ತಮ್ಮ ಬಳಿ ಬರುವ ಸಂಶೋಧಕರಿಗೆ ತಾವೇ ನಿಯಮ ಬರೆದರು.

ಇವುಗಳಲ್ಲಿ ಒಂದರಲ್ಲೂ ವಿಜ್ಞಾನಿ ನಾಯಕನಲ್ಲ. ಕೇಳುವವರು, ನಿರ್ಧರಿಸುವವರು ನೊಂದವರೇ. ಕತೆಯಲ್ಲಿ ಪ್ರಾಯಶ್ಚಿತ್ತ ಹೀಗೆ ನಡೆಯಲಿ: ಮೊದಲು ಕೊರೆಯುವುದು ನಿಲ್ಲುತ್ತದೆ. ಆಮೇಲೆ ಅವನು ಎಲ್ಲವನ್ನೂ ಅವರ ಭಾಷೆಯಲ್ಲಿ, ಅವರು ಕರೆದ ಜಾಗದಲ್ಲಿ, ಅವರ ಪ್ರಶ್ನೆಗಳು ಮುಗಿಯುವವರೆಗೆ ಹೇಳುತ್ತಾನೆ. ಮಾದರಿ, ನಕ್ಷೆ, ಅಳತೆಯ ಪುಸ್ತಕ ಒಪ್ಪಿಸುತ್ತಾನೆ. ನಕಲು ಇಟ್ಟುಕೊಳ್ಳುತ್ತಾನೋ ಇಲ್ಲವೋ ಎಂಬ ಒಂದು ಚಿಕ್ಕ ದೃಶ್ಯ ಅವನನ್ನು ಪೂರಾ ತೋರಿಸಿಬಿಡುತ್ತದೆ. ಕೊನೆಗೆ, ಬೋರು ಮುಚ್ಚುವುದೋ ಬೇಡವೋ ಎಂಬುದನ್ನೂ ಅವರೇ ತೀರ್ಮಾನಿಸಲಿ. ಅವರು ‘ಇನ್ನೊಮ್ಮೆ ನಮ್ಮ ನೆಲ ಮುಟ್ಟಬೇಡ, ಹೋಗು’ ಅಂದರೆ ಹೋಗಬೇಕು, ಮುಚ್ಚುವ ವಿಧಾನವನ್ನು ಬರೆದುಕೊಟ್ಟು ಹೋಗಬೇಕು. ಕ್ಷಮೆ ಕೊಡುವವರಿಗೆ ಕೊಡದೆ ಇರುವ ಹಕ್ಕೂ ಉಂಟು. ಆ ಹಕ್ಕನ್ನು ಅವರಿಗೆ ಕೊಡದ ಕತೆ ಸುಳ್ಳೆನಿಸಿದರೆ ತಪ್ಪೇನಿಲ್ಲ.

ಪ್ರಶ್ನೆ: ಇದೇ ವಸ್ತುವಿನ ಮೇಲೆ ಬಾನುಲಿ ನಾಟಕ ಬರೆಯುತ್ತಿದ್ದೇನೆ. ಆ ಜನ ತಡವರಿಸುವ ಕನ್ನಡ ಮಾತಾಡಲಿ, ವಿಜ್ಞಾನಿ ಶುದ್ಧ ಕನ್ನಡ ಮಾತಾಡಲಿ ಅಂದುಕೊಂಡಿದ್ದೇನೆ. ಸರಿಯೇ?
— ಹುಬ್ಬಳ್ಳಿಯ ಓದುಗರು

ಉತ್ತರ: ತಿರುವಿಹಾಕಿ. ಅಲ್ಲಿ ಹೊರಗಿನವನು ಅವನು, ತಡವರಿಸಬೇಕಾದವನೂ ಅವನೇ. ಆ ಜನರಿಗೆ ನಿಮ್ಮ ಮನೆಯ ಭಾಷೆ ಕೊಡಿ. ‘ಯವ್ವಾ, ನೀರಿನ ರುಚಿ ಬ್ಯಾರೆ ಆಗೇತಿ ನೋಡ.’ ‘ಯಾವಾಗಿಂದ?’ ‘ಆ ತೂತ ಹೊಡದಾಂವ ಬಂದ ಮ್ಯಾಲೆ.’ ಕೇಳುಗ ಕೂಡಲೇ ಆ ಮನೆಯೊಳಗೆ ಕೂತಿರುತ್ತಾನೆ.

ವಿಜ್ಞಾನಿಯ ಅಪರಾಧಭಾವವನ್ನು ಅಳುವಿನಲ್ಲಿ ತೋರಿಸಬೇಡಿ, ಕ್ರಿಯಾಪದದಲ್ಲಿ ತೋರಿಸಿ. ಮೊದಲ ವರದಿಯಲ್ಲಿ ಅವನು ‘ಮಾದರಿ ತೆಗೆಯಲಾಯಿತು, ನೀರು ಕೆಟ್ಟಿತು, ಎಂಟು ಜನ ತೀರಿಕೊಂಡರು’ ಎಂದು ಓದಲಿ. ಯಾರು ತೆಗೆದರು, ಯಾರು ಕೆಡಿಸಿದರು ಎಂಬುದು ಅದರಲ್ಲಿಲ್ಲ. ನಡುವೆ ಎಲ್ಲೋ ‘ಕೆಟ್ಟಿತು’ ಎನ್ನಲು ಹೋಗಿ ನಿಲ್ಲಲಿ. ಕೊನೆಯ ಭಾಗದಲ್ಲಿ ಅದೇ ವರದಿ ‘ನಾನು ತೆಗೆದೆ, ನಾನು ಕೆಡಿಸಿದೆ’ ಎಂದು ಬರಲಿ. ಮೂರನೆಯ ವಾಕ್ಯ ಅವನ ಬಾಯಿಂದ ಬರುವ ಮೊದಲು ನಾಲ್ಕು ಸೆಕೆಂಡು ಮೌನ ಬಿಡಿ. ಬಾನುಲಿಯಲ್ಲಿ ಅದು ಬಹಳ ದೀರ್ಘ.

ಇನ್ನೊಂದು ಸಾಧನ ನಮ್ಮ ಕಡೆಯ ಮಾತಿನಲ್ಲೇ ಇದೆ. ಮೊದಲ ದಿನಗಳಲ್ಲಿ ಮುದುಕಿ ಅವನನ್ನು ‘ಬಾರೋ ತಮ್ಮಾ’ ಎಂದು ಕರೆಯಲಿ, ಮಗು ‘ಕಾಕಾ’ ಅನ್ನಲಿ. ನೀರು ಕೆಟ್ಟ ಮೇಲೆ ಬೈಗುಳ ಹಾಕಿಸಬೇಡಿ. ಮುದುಕಿ ‘ಬರ್ರಿ’ ಅನ್ನಲಿ, ಸಾಕು. ನಿನ್ನೆವರೆಗೆ ತಮ್ಮನಾಗಿದ್ದವನಿಗೆ ಇವತ್ತು ಮರ್ಯಾದೆಯ ಮಾತು ಬಂದರೆ ಅದು ಬಾಗಿಲು ಮುಚ್ಚಿದಂತೆ. ಕೊನೆಯ ದೃಶ್ಯದಲ್ಲಿ ಅವನು ಸಿಮೆಂಟಿನ ಚೀಲ ಹೊತ್ತು ಬರುವ ಹೆಜ್ಜೆ, ಏದುಸಿರು, ಚೀಲ ಇಳಿಸುವ ಸದ್ದು. ಆಕೆ ‘ಅಲ್ಲೆ ಇಡ್ರಿ’ ಅನ್ನಲಿ. ‘ತಮ್ಮಾ’ ಮರಳಿ ಬರುವುದು ಬೇಡ. ಎರಡನೇ ಚೀಲಕ್ಕೆ ಅವನು ಹಿಂದಿರುಗುವ ಹೆಜ್ಜೆಯ ಸದ್ದಿನ ಮೇಲೆ ನಾಟಕ ನಿಲ್ಲಿಸಿ.