ಇರುವ ಒಬ್ಬ ಒಳ್ಳೆ ಆಟಗಾರನನ್ನೂ ಮಾರಿದರೆ ಹೇಗೆ?

ಪ್ರಶ್ನೆ: ನಾವು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಇದ್ದೇವೆ. ಮಗನಿಗೆ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡದ ಹುಚ್ಚು. ಅವನಿಗೆ ಗ್ಯಾರೆಟ್ ಕ್ರೋಶೆ ಹೆಸರಿನ ಜೆರ್ಸಿ ಕೊಡಿಸಿದೆ. 2024ರ ಡಿಸೆಂಬರ್‌ನಲ್ಲಿ ಅವನನ್ನೇ ಬಾಸ್ಟನ್‌ಗೆ ಕೊಟ್ಟು ನಾಲ್ಕು ಹುಡುಗರನ್ನು ತಂದರು. ಕ್ರಿಕೆಟ್ ನೋಡಿ ಬೆಳೆದ ನನಗೆ ಇದು ತಲೆಗೇ ಹೋಗುತ್ತಿಲ್ಲ. ಮುಂದಿನ ಜೆರ್ಸಿ ಯಾರದು ಕೊಳ್ಳಲಿ ಸರ್?

ಉತ್ತರ: ಮಗನ ಸಿಟ್ಟು ನ್ಯಾಯವೇ. 2024ರಲ್ಲಿ ವೈಟ್ ಸಾಕ್ಸ್ 162 ಪಂದ್ಯಗಳಲ್ಲಿ 121 ಸೋತಿತು. 1900ರಿಂದ ಈಚೆಗೆ ಯಾವ ತಂಡವೂ ಒಂದು ಸೀಸನ್‌ನಲ್ಲಿ ಅಷ್ಟು ಸೋತಿರಲಿಲ್ಲ. ಆ ಗೋಳಿನಲ್ಲಿ ದುಡ್ಡು ಕೊಟ್ಟು ನೋಡುವಂಥವನು ಪಿಚರ್ (ನಮ್ಮ ಬೌಲರ್ ಥರ) ಕ್ರೋಶೆ. 146 ಇನಿಂಗ್ಸ್, 209 ಸ್ಟ್ರೈಕ್‌ಔಟ್ (ಪಿಚರ್ ತಾನೇ ಬ್ಯಾಟರ್‌ನನ್ನು ಔಟ್ ಮಾಡುವುದು).

ಆದರೂ ಮಾರಿದ್ದು ಸರಿ ಅಂತಲೇ ನನ್ನ ಲೆಕ್ಕ. ಅಮೆರಿಕದ ದೊಡ್ಡ ಲೀಗ್‌ಗೆ ಬಂದ ಆಟಗಾರ ಸುಮಾರು ಆರು ವರ್ಷ ತಂಡದ ಹಿಡಿತದಲ್ಲಿ ಇರುತ್ತಾನೆ. ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸು. ಆಮೇಲೆ ಏರುತ್ತದೆ. ಆರು ಮುಗಿದರೆ ಅವನ ದಾರಿ ಅವನಿಗೆ. ಕ್ರೋಶೆಗೆ ಉಳಿದಿದ್ದು ಎರಡೇ ವರ್ಷ. 121 ಸೋತ ತಂಡ ಎರಡು ವರ್ಷದಲ್ಲಿ ಕಪ್ ಎತ್ತುತ್ತಾ? ಇಲ್ಲ ಅಲ್ವಾ? ಅಂದರೆ ಅವನ ಒಳ್ಳೆ ವರ್ಷಗಳು ಸುಮ್ನೆ ಸೋಲಿನಲ್ಲೇ ಕರಗುತ್ತಿದ್ದವು.

ಜೊತೆಗೆ ಪಿಚರ್‌ನ ಮೊಣಕೈ ಯಾವಾಗ ಕೈಕೊಡುತ್ತದೋ ಹೇಳಲಾಗದು. ಕ್ರೋಶೆಗೆ 2022ರಲ್ಲಿ ಒಮ್ಮೆ ಅದರ ಆಪರೇಷನ್ ಆಗಿತ್ತು. ಟೊಮೆಟೊ ಬೆಳೆದವರನ್ನು ಕೇಳಿ, ಹಣ್ಣಾದ ಸರಕನ್ನು ರೇಟು ಇದ್ದಾಗಲೇ ಮಂಡಿಗೆ ಹಾಕಬೇಕು.

ಬಂದ ನಾಲ್ವರಲ್ಲಿ ನನಗೆ ಜಾಸ್ತಿ ಕುತೂಹಲ ಬ್ರೇಡನ್ ಮಾಂಟ್ಗೊಮೆರಿ ಮೇಲೆ. 2024ರ ಜೂನ್‌ನಲ್ಲಿ ಕಾಲೇಜು ಪಂದ್ಯವೊಂದರಲ್ಲಿ ಪಾದದ ಗಂಟು ಮುರಿದುಕೊಂಡ. ಆದರೂ ಜುಲೈನಲ್ಲಿ ಬಾಸ್ಟನ್ ಅವನನ್ನು ಡ್ರಾಫ್ಟ್‌ನ (ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸುವ ವ್ಯವಸ್ಥೆ) 12ನೆಯವನಾಗಿ ಆರಿಸಿತು. ಅವರ ಪರ ಒಂದು ಪಂದ್ಯವನ್ನೂ ಆಡದೆ ಡಿಸೆಂಬರ್‌ನಲ್ಲಿ ಶಿಕಾಗೋ ಪಾಲಾದ. ಇಂಥ ವ್ಯಾಪಾರ ಚಳಿಗಾಲದಲ್ಲೇ ಕುದುರಲು ಒಂದು ಕಾರಣವೂ ಇದೆ: ಆ ವರ್ಷ ಡ್ರಾಫ್ಟ್ ಆದ ಹುಡುಗನನ್ನು ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್) ಮುಗಿಯುವ ತನಕ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ.

ಹಾಗಂತ ಹುಡುಗರು ಬಂದ ಕೂಡಲೇ ಕುಣಿಯಬೇಡಿ. ಇದೇ ತಂಡ 2016ರಲ್ಲಿ ಇದೇ ಬಾಸ್ಟನ್‌ಗೆ ಪಿಚರ್ ಕ್ರಿಸ್ ಸೇಲ್‌ನನ್ನು ಕೊಟ್ಟಿತ್ತು. ಬದಲಿಗೆ ಮೋಂಕಾಡಾ, ಪಿಚರ್ ಕೋಪೆಕ್ ಮತ್ತಿಬ್ಬರು ಬಂದರು. ಮೋಂಕಾಡಾ ಆಗ ದೇಶದಲ್ಲೇ ನಂಬರ್ ಒನ್ ಹುಡುಗ ಅನ್ನಿಸಿಕೊಂಡಿದ್ದ. 2018ರಲ್ಲಿ ಬಾಸ್ಟನ್ ಚಾಂಪಿಯನ್ ಆಯಿತು, ಕೊನೆಯ ಔಟ್ ತೆಗೆದದ್ದು ಸೇಲ್. ಶಿಕಾಗೋಗೆ ಸಿಕ್ಕಿದ್ದು 2020, 2021ರಲ್ಲಿ ಪ್ಲೇಆಫ್. ಎರಡೂ ಸಲ ಮೊದಲ ಸುತ್ತಿನಲ್ಲೇ ಮನೆಗೆ. ಕೋಪೆಕ್‌ಗೂ 2018ರಲ್ಲಿ ಮೊಣಕೈ ಕೈಕೊಟ್ಟಿತು. ಸಸಿ ತರುವುದು ಸುಲಭ, ನೀರು ಹಾಕುವ ಕೈ ಬೇಕು. ಈ ಸಲದ ನಾಲ್ವರಲ್ಲಿ ಪಿಚರ್ ಒಬ್ಬನೇ. ಅಷ್ಟರ ಮಟ್ಟಿಗೆ ಪಾಠ ಕಲಿತಿದ್ದಾರೆ ಅನ್ನಿಸುತ್ತದೆ.

2025ರಲ್ಲಿ ಕ್ರೋಶೆ ಬಾಸ್ಟನ್‌ಗೆ 18 ಪಂದ್ಯ ಗೆದ್ದುಕೊಟ್ಟ. ವೈಟ್ ಸಾಕ್ಸ್ ಗೆಲುವು 41ರಿಂದ 60ಕ್ಕೆ ಏರಿತು, ಸೋಲು ಆಗಲೂ 102. ಆ ನಾಲ್ವರಲ್ಲಿ ಒಬ್ಬನಾದ ಕ್ಯಾಚರ್ (ವಿಕೆಟ್ ಕೀಪರ್ ಥರ) ಕೈಲ್ ಟೀಲ್ 2025ರ ಜೂನ್‌ನಲ್ಲಿ ಮುಖ್ಯ ತಂಡಕ್ಕೆ ಬಂದ. ಜೆರ್ಸಿ ಅವನದೇ ತೆಗೆಯಿರಿ. ಮತ್ತೆ ಮಾರದಿದ್ದರೆ 2031ರ ತನಕ ನಡೆಯುತ್ತದೆ. ಅಷ್ಟರಲ್ಲಿ ಮಗನಿಗೆ ಅದು ಚಿಕ್ಕದಾಗಿರುತ್ತದೆ, ಆ ಮಾತು ಬೇರೆ.

ಪ್ರಶ್ನೆ: ಕೊನೆಗೆ ಬಂದ ತಂಡಕ್ಕೆ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಸಿಗುತ್ತದಲ್ಲ? ವ್ಯಾಪಾರ ಯಾಕೆ ಬೇಕು?

ಉತ್ತರ: ಈಗ ಸಿಕ್ಕೇ ಸಿಗುತ್ತದೆ ಅಂತಿಲ್ಲ. ಬೇಕಂತಲೇ ಸೋಲುವುದನ್ನು ತಡೆಯಲು ಲಾಟರಿ ತಂದಿದ್ದಾರೆ. ದೊಡ್ಡ ಆದಾಯದ ತಂಡಕ್ಕೆ ಒಂದು ವರ್ಷ ಲಾಟರಿಯ ಆಯ್ಕೆ ಸಿಕ್ಕಿದ್ದರೆ ಮರುವರ್ಷ ಅದೂ ಇಲ್ಲ. ಹಾಗಾಗಿ 121 ಸೋತ ವೈಟ್ ಸಾಕ್ಸ್‌ಗೆ 2025ರ ಡ್ರಾಫ್ಟ್‌ನಲ್ಲಿ ಸಿಕ್ಕಿದ್ದು ಹತ್ತನೇ ಆಯ್ಕೆ!

ಅಗ್ಗದ ದಾರಿ ಬೇರೆ ಇದೆ. ಬೇರೆ ತಂಡ ತನ್ನ 40 ಜನರ ಪಟ್ಟಿಗೆ ಸೇರಿಸದೆ ಬಿಟ್ಟ ಹುಡುಗನನ್ನು ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ 1 ಲಕ್ಷ ಡಾಲರ್‌ಗೆ ಎತ್ತಬಹುದು. ಷರತ್ತು ಏನೆಂದರೆ, ಸೀಸನ್ ಪೂರ್ತಿ ಅವನನ್ನು ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕು. ಗೆಲ್ಲುವ ತಂಡಕ್ಕೆ ಆ ಜಾಗ ಎಲ್ಲಿ? ವೈಟ್ ಸಾಕ್ಸ್‌ಗೆ ಜಾಗವೇ ಜಾಗ. 2024ರಲ್ಲಿ ಮಿಲ್ವಾಕೀಯಿಂದ ಶೇನ್ ಸ್ಮಿತ್ ಎಂಬ ಪಿಚರ್‌ನನ್ನು ಹೀಗೆ ಎತ್ತಿದರು. ಮರು ಜುಲೈನಲ್ಲಿ ಅವನು ಆಲ್ ಸ್ಟಾರ್ ತಂಡದಲ್ಲಿದ್ದ.